ಶೋಕಮಾತೆ ಕೇಳಿದ ಮಾತು

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸೀತಾಂಗೋಳಿ ದಾಟಿದರೆ ಬೇಳ. ಅಲ್ಲಿನ ಶೋಕಮಾತೆಯ, ಅಂದರೆ ಮಗನಿಗಾಗಿ ನೊಂದ ಯೇಸುವಿನ ತಾಯಿ ಮರಿಯಮ್ಮನವರ ಇಗರ್ಜಿ (ಚರ್ಚು) 1890ರದ್ದು, ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ನಮ್ಮ ಮನೆಯಲ್ಲಿ ಕಷ್ಟ ಬಂದಾಗ ಬಾಯಿಗೆ ಮೊದಲು ಬರುವುದು ಬೇಳದ ಮಾತೆಯ ಹೆಸರೇ. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಮಾತೆ ಹುಟ್ಟಿದ ದಿನ, ಹೊಸ ತೆನೆಯ ಹಬ್ಬ. ತೆನೆ, ಹೂ, ಮನೆ ತುಂಬಾ ಜನ. ವಾರ ಕಳೆದರೆ 15ಕ್ಕೆ ಶೋಕಮಾತೆಯ ದಿನ.

ಮಗನಿಗಾಗಿ ಮಾತೆ ಪಟ್ಟರೆಂದು ನಾವು ನೆನೆಯುವ ಏಳು ದುಃಖಗಳಲ್ಲಿ ನನಗೆ ತುಂಬಾ ಹತ್ತಿರದ್ದು ಮೂರನೆಯದು. ಹನ್ನೆರಡು ವರ್ಷದ ಯೇಸು ಜೆರುಸಲೇಮಿನಲ್ಲಿ ಕಾಣೆಯಾಗುತ್ತಾರೆ. ಮೂರು ದಿನದ ಮೇಲೆ ದೇವಾಲಯದಲ್ಲಿ ಬೋಧಕರ ನಡುವೆ ಸಿಗುತ್ತಾರೆ. ಆಗ ಮಾತೆ 'ಎಲ್ಲಾ ದೇವರ ಚಿತ್ತ' ಎಂದು ಸುಮ್ಮನಾಗಲಿಲ್ಲ. 'ಮಗನೇ, ನಮಗೆ ಯಾಕೆ ಹೀಗೆ ಮಾಡಿದೆ?' ಎಂದು ಕೇಳಿಯೇ ಬಿಟ್ಟರು. ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ ಅಂತಲೂ ಬೈಬಲಿನಲ್ಲಿ ಸಂತ ಲೂಕರು ಬರೆದಿದ್ದಾರೆ. ದೇವರ ತಾಯಿಯೇ ಮನಸ್ಸಿನ ನೋವನ್ನು ಮುಚ್ಚಿಡಲಿಲ್ಲ.

ನನ್ನ ಅತ್ತೆ ಹಾಸಿಗೆ ಹಿಡಿದು ವರ್ಷಗಳಾದವು. ಬೆಳಿಗ್ಗೆ ಬಟ್ಟೆ ಬದಲಿಸಿ, ಬೆನ್ನು ಒರೆಸಿ, ಗಂಜಿ ತಿಳಿಯನ್ನು ಚಮಚದಲ್ಲಿ ಕುಡಿಸಬೇಕು. ಅರ್ಧ ಒಳಗೆ ಹೋದರೆ ಅರ್ಧ ಗಲ್ಲಕ್ಕೆ ಇಳಿಯುತ್ತದೆ. ಒರೆಸಿ ಮತ್ತೆ ಒಂದು ಚಮಚ. ರಾತ್ರಿ ಜಪಸರ ಹಿಡಿದು 'ನಿನ್ನ ಚಿತ್ತದಂತೆ ಆಗಲಿ' ಅನ್ನುತ್ತಿದ್ದೆ. ಒಳಗಿನ ಮಾತು ಬೇರೆಯೇ ಇತ್ತು. ಕಳೆದ ತಪಸ್ಸುಕಾಲದಲ್ಲಿ, ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಲ್ಲಿ, ಗುರುಗಳ ಹತ್ತಿರ ಪಾಪನಿವೇದನೆಗೆ ಮೊಣಕಾಲೂರಿದಾಗ ಅದು ಹೊರಗೆ ಬಂತು. 'ಫಾದರ್, ಅತ್ತೆ ಮೇಲೆ ಪ್ರೀತಿ ಉಂಟು. ಆದರೆ ನನಗೆ ಸಾಕಾಗಿದೆ.'

ನಮ್ಮಿಬ್ಬರ ನಡುವಿನ ಜಾಲರಿಯ ಆಚೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫಾದರ್, 'ದಣಿವು ಪಾಪ ಅಲ್ಲಮ್ಮ. ದೇವರಿಗೆ ಇದನ್ನೇ ಹೇಳಿ. ಮನೆಯವರಿಗೂ ಹೇಳಿ' ಎಂದರು. ಬೈಬಲಿನ 88ನೇ ಕೀರ್ತನೆ ಓದಲು ಹೇಳಿ ಕಳಿಸಿದರು.

ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ಬೈಬಲಿನಲ್ಲಿ ಅದಕ್ಕೆ ಜಾಗ ಉಂಟು. ಹಾಗಾದರೆ ನನ್ನ ದಣಿವಿಗೂ ಇರಬೇಕಲ್ವಾ? 'ನಾನು ಇರುವುದೇ ಹೀಗೆ' ಎಂದು ಕೈಚೆಲ್ಲುವ ಮಾತಲ್ಲ ಇದು. ಯೇಸುಸ್ವಾಮಿ ಹೇಳಿದ ಒಂದು ಸಾಮತಿಯಲ್ಲಿ, ಅಂದರೆ ನೀತಿಕತೆಯಲ್ಲಿ, ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ. ಧರ್ಮದ ನಿಯಮ ಚಾಚೂ ತಪ್ಪದೆ ಪಾಲಿಸುವ ಫರಿಸಾಯ ವಾರಕ್ಕೆರಡು ಉಪವಾಸದ ಲೆಕ್ಕ ಒಪ್ಪಿಸುತ್ತಾನೆ. ಜನ ಪಾಪಿಯೆಂದು ಕಾಣುವ ಸುಂಕದವನು ತಲೆಯೆತ್ತದೆ ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ತಾನು ಎಂಥವನೆಂದು ಗೊತ್ತಿದ್ದೂ ದೇವಾಲಯ ಬಿಟ್ಟು ಓಡಲಿಲ್ಲ ನೋಡಿ. ನನಗೆ ಧೈರ್ಯ ಕೊಡುವುದು ಅದೇ.

ಸಾಕಾಯಿತು ಅನ್ನಿಸುವ ರಾತ್ರಿಗಳು ಈಗಲೂ ಉಂಟು. ಈಗ ಅದನ್ನೇ ಪ್ರಾರ್ಥನೆಯಲ್ಲಿ ಹೇಳುತ್ತೇನೆ. ನಾದಿನಿಗೂ ಹೇಳಿದೆ. 'ಮೊದಲೇ ಹೇಳಬಾರದಿತ್ತಾ ಅತ್ತಿಗೆ?' ಅಂದಳು. ಭಾನುವಾರ ಅವಳು ಬಂದು ತಾಯಿಯ ಹತ್ತಿರ ಕೂರುತ್ತಾಳೆ, ಗಂಜಿಯನ್ನೂ ಅವಳೇ ಕುಡಿಸುತ್ತಾಳೆ. ನಾನು ಗಡಿಬಿಡಿ ಇಲ್ಲದೆ ಬಲಿಪೂಜೆ (ಇಗರ್ಜಿಯ ಭಾನುವಾರದ ಪೂಜೆ) ಮುಗಿಸಿ, ಇಗರ್ಜಿ ಅಂಗಳದಲ್ಲಿ ನಾಲ್ಕು ಜನರ ಹತ್ತಿರ ಮಾತಾಡಿಯೇ ಮನೆಗೆ ಬರುತ್ತೇನೆ.