ಬಸ್ಕಿ, ಬಕೆಟ್ಟು ಮತ್ತು ಬಸ್ಸಾರಿನ ಪಲ್ಯ

ಬೆಳಗ್ಗೆ ಪಾರ್ಕಿನಲ್ಲಿ ಐದು ಸುತ್ತು ಹಾಕಿ ಗೇಟಿನ ಹತ್ತಿರ ಕಾಫಿ ಕುಡಿದರೆ ಅವತ್ತಿನ ವ್ಯಾಯಾಮ ಮುಗಿಯಿತು ಅನ್ನುವವರೇ ಹೆಚ್ಚು. ನಡಿಗೆ ಒಳ್ಳೆಯದೇ. ಹೃದಯಕ್ಕೂ ರಕ್ತದ ಸಕ್ಕರೆಗೂ ಅದರಿಂದ ಲಾಭವಿದೆ, ಊಟವಾದ ಮೇಲಿನ ಹತ್ತು ನಿಮಿಷದ ನಡಿಗೆಗಂತೂ ವಿಶೇಷ ಬೆಲೆ. ಆದರೆ ಸ್ನಾಯು ಉಳಿಸಿಕೊಳ್ಳಲು ಅದೊಂದೇ ಸಾಲದು. ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗಲು ಶುರುವಾಗುತ್ತದೆ, ಅರವತ್ತರ ನಂತರ ಆ ವೇಗ ಹೆಚ್ಚುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಅದು ಬೇಗ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕೆನ್ನುತ್ತದೆ. ಅದರ ಜೊತೆಗೇ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಅಂತಲೂ ಹೇಳುತ್ತದೆ. ಈ ಎರಡನೆಯ ಮಾತನ್ನು ಎಲ್ಲರೂ ಮರೆಯುತ್ತಾರೆ.

ನಿಮ್ಮ ಕಾಲಿನ ಬಲ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಕ್ಕೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 60ರಿಂದ 64 ವಯಸ್ಸಿನ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಅಂತ ಲೆಕ್ಕ. ನಲವತ್ತರವರಿಗೇ ಅಷ್ಟು ಬರದಿದ್ದರೆ ಕಾಲಿನ ಕೆಲಸ ತಡಮಾಡದೆ ಶುರುಮಾಡಬೇಕು.

ಇದಕ್ಕೆ ಜಿಮ್ ಬೇಕೇಬೇಕು ಅಂತಿಲ್ಲ. ಗರಡಿ ಮನೆಯ ಸಾಮಿನಲ್ಲಿ ದಂಡ (ಈಗಿನವರ ಪುಷ್‌ಅಪ್), ಬಸ್ಕಿಗಳೇ ಅಡಿಪಾಯ. ಶಾಲೆಯಲ್ಲಿ ಕಿವಿ ಹಿಡಿದು ಬಸ್ಕಿ ಹೊಡೆಸಿ ಅದನ್ನು ಶಿಕ್ಷೆ ಮಾಡಿಬಿಟ್ಟೆವು, ಅಷ್ಟೇ.

ಗರಡಿಯ ಪೂರ್ತಿ ಬಸ್ಕಿಗೆ ನೇರವಾಗಿ ಇಳಿಯಬೇಡಿ. ಕುರ್ಚಿಯಿಂದ ಶುರುಮಾಡಿ: ಪಾದ ಭುಜದಷ್ಟು ಅಗಲ, ಬೆರಳು ಸ್ವಲ್ಪ ಹೊರಕ್ಕೆ. ಮೂರು ಎಣಿಸುತ್ತಾ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಇಳಿಯಿರಿ, ಕುರ್ಚಿ ತಾಕಿದ ಕೂಡಲೇ ಏಳಿ. 10 ಸಲಕ್ಕೆ ಒಂದು ಸುತ್ತು, ಮಧ್ಯೆ ಒಂದೂವರೆ ನಿಮಿಷ ವಿರಾಮ, ಒಟ್ಟು ಮೂರು ಸುತ್ತು. ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು, ಏಳುವಾಗ ಮೊಣಕಾಲು ಒಳಕ್ಕೆ ವಾಲುವುದು. ಮೊಣಕಾಲು ಪಾದದ ಬೆರಳುಗಳ ದಿಕ್ಕಿನಲ್ಲೇ ಇರಬೇಕು. ಎರಡನೆಯದು, ಹಿಮ್ಮಡಿ ನೆಲದಿಂದ ಏಳುವುದು. ಇದಕ್ಕೆ ಹೆಚ್ಚಾಗಿ ಬಿಗಿದ ಮೀನಖಂಡ ಕಾರಣ. ಹಿಮ್ಮಡಿಯ ಕೆಳಗೆ ತೆಳ್ಳಗಿನ ಹಲಗೆ ಇಟ್ಟುಕೊಂಡರೆ ಸರಿಹೋಗುತ್ತದೆ. ಮೂರು ಸುತ್ತಲ್ಲೂ 15 ಸಲೀಸಾಗಿ ಬಂದ ಮೇಲೆ ಕುರ್ಚಿ ತೆಗೆಯಿರಿ. ಆಮೇಲೆ ಐದು ಕಿಲೋ ಅಕ್ಕಿ ಚೀಲವನ್ನು ಎದೆಗೆ ಅವುಚಿಕೊಂಡು ಮಾಡಿ.

ದಂಡಕ್ಕೂ ಇದೇ ದಾರಿ. ಮೊದಲು ಗೋಡೆಗೆ ಕೈ ಕೊಟ್ಟು ತಳ್ಳಿ, ಆಮೇಲೆ ಅಡುಗೆ ಕಟ್ಟೆಗೆ, ಕೊನೆಗೆ ನೆಲಕ್ಕೆ. ಸೊಂಟ ಜೋತು ಬೀಳುತ್ತಿದ್ದರೆ ನೀವಿನ್ನೂ ಆ ಮೆಟ್ಟಿಲಿಗೆ ಸಿದ್ಧರಿಲ್ಲ, ಹಿಂದಿನದಕ್ಕೆ ಹೋಗಿ. ಎಳೆಯುವ ಸ್ನಾಯುಗಳಿಗೆ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಪುಸ್ತಕ ತುಂಬಿ, ಮುಂದಕ್ಕೆ ಬಾಗಿ, ಒಂದು ಕೈ ಮೇಜಿಗೆ ಆನಿಸಿ, ಇನ್ನೊಂದು ಕೈಯಲ್ಲಿ ಬ್ಯಾಗನ್ನು ಪಕ್ಕೆಯವರೆಗೆ ಎಳೆಯಿರಿ. ಕೊನೆಗೆ ಎರಡು ಬಕೆಟ್ಟಿಗೆ ಅರ್ಧರ್ಧ ನೀರು ತುಂಬಿ, ಬೆನ್ನು ನೆಟ್ಟಗಿಟ್ಟು, 40 ಸೆಕೆಂಡು ಮಹಡಿಯ ಮೇಲೆ ನಡೆಯಿರಿ. ಹಿಡಿತ, ಭುಜ, ಸೊಂಟ ಮೂರಕ್ಕೂ ಕೆಲಸ. ಗ್ಯಾಸ್ ಸಿಲಿಂಡರು, 20 ಲೀಟರಿನ ನೀರಿನ ಕ್ಯಾನು ಎತ್ತುವಾಗ ಸೊಂಟ ಹಿಡಿದುಕೊಳ್ಳುವುದು ಏಕೆಂದರೆ, ವರ್ಷವಿಡೀ ಭಾರ ಮುಟ್ಟದ ಬೆನ್ನು ಒಮ್ಮೆಗೇ ಬಗ್ಗಿ, ತಿರುಗಿ ಎತ್ತಲು ಹೋಗುತ್ತದೆ.

ಉಸಿರು ಕಟ್ಟಿ ಎತ್ತಬೇಡಿ. ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಇಳಿಯುವಾಗ ಉಸಿರು ಒಳಗೆ, ಏಳುವಾಗ ಹೊರಗೆ. ಬಿಪಿ ಹಿಡಿತದಲ್ಲಿಲ್ಲದವರು, ಎದೆನೋವು ಇರುವವರು ಮೊದಲು ಡಾಕ್ಟರನ್ನು ಕೇಳಲೇಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಂತರ ಸಕ್ಕರೆ ಇಳಿಯಬಹುದು, ಬೆಲ್ಲದ ಚೂರೋ ಗ್ಲೂಕೋಸೋ ಕೈಗೆಟುಕುವಂತಿರಲಿ.

ಇನ್ನು ತಟ್ಟೆಯ ವಿಷಯ. ಇಲ್ಲಿ ಸ್ವಲ್ಪ ಜಗಳ ಆಡಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಶಿಫಾರಸಿನ ಪ್ರಕಾರ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. 'ಮುದ್ದೆ ತಿಂದವನಿಗೆ ಶಕ್ತಿ' ಅನ್ನುತ್ತಾರಲ್ಲ, 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಏಳು ಗ್ರಾಂ ಅಷ್ಟೇ. ರಾಗಿಯ ಹೆಮ್ಮೆ ಸುಣ್ಣದ ಅಂಶದ್ದು, ಪ್ರೋಟೀನಿನದ್ದಲ್ಲ. ಪ್ರೋಟೀನ್ ಬರಬೇಕಾದ್ದು ಸಾರಿನ ಬೇಳೆಕಾಳಿನಿಂದ. ಆದರೆ ತಿಳಿಸಾರಿನಲ್ಲಿ ಬೇಳೆ ತಳ ಸೇರಿರುತ್ತದೆ, ಬಡಿಸುವ ಸೌಟು ಮೇಲೇ ಆಡುತ್ತದೆ. ಬಸ್ಸಾರಿನಲ್ಲಂತೂ ಬೇಳೆ, ಸೊಪ್ಪು ಬಸಿದು ಪಲ್ಯವಾಗಿ ಬೇರೆಯಾಗಿರುತ್ತದೆ. ಎರಡು ಸೌಟು ಸಾರು ಸುರಿದುಕೊಂಡು ಪಲ್ಯವನ್ನು ನೆಂಚಿಕೊಳ್ಳಲು ಒಂದು ಚಮಚ ಹಾಕಿಸಿಕೊಂಡವರು ಪ್ರೋಟೀನನ್ನು ಪಾತ್ರೆಯಲ್ಲೇ ಬಿಟ್ಟ ಹಾಗೆ. ಹುರುಳಿಕಟ್ಟಿನ ಸಾರಿನದೂ ಅದೇ ಕತೆ: ಕಟ್ಟು ನಮಗೆ, ಕಾಳು ದನಕ್ಕೆ! ಆ ಕಾಳಿಗೆ ಒಗ್ಗರಣೆ ಹಾಕಿ ಉಸಲಿ ಮಾಡಿ. ಒಣ ಹುರುಳಿ, ತೊಗರಿಬೇಳೆ ಎರಡರಲ್ಲೂ 100 ಗ್ರಾಂಗೆ 20 ಗ್ರಾಂ ಮೇಲೇ ಪ್ರೋಟೀನ್ ಇದೆ. ಒಂದು ಮೊಟ್ಟೆಯಲ್ಲಿ ಆರು, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಏಳು ಗ್ರಾಂ ಆಸುಪಾಸು. ಮೂರು ಹೊತ್ತಿಗೂ ಹಂಚಿ ತಿನ್ನಿ. ಬೆಳಗಿನ ಉಪ್ಪಿಟ್ಟು, ಚಿತ್ರಾನ್ನ ಇದರಲ್ಲಿ ಎಲ್ಲಕ್ಕಿಂತ ಬಡವ, ಪಕ್ಕದಲ್ಲೊಂದು ಬಟ್ಟಲು ಮೊಳಕೆಕಾಳು ಇರಲಿ. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಈ ಲೆಕ್ಕ ಬೇರೆ, ಡಾಕ್ಟರು ಹೇಳಿದಷ್ಟೇ ತಿನ್ನಬೇಕು.

ಮೊದಲ ವಾರ ಒಂದೊಂದಕ್ಕೆ ಒಂದೇ ಸುತ್ತು ಸಾಕು. ಉತ್ಸಾಹಕ್ಕೆ ಮೊದಲ ದಿನವೇ ನೂರು ಬಸ್ಕಿ ಹೊಡೆದವರು ಮಾರನೆಯ ದಿನದಿಂದ ಮೆಟ್ಟಿಲು ಇಳಿಯಲಾರದೆ, ಮೂರನೆಯ ದಿನಕ್ಕೆ ಬಿಟ್ಟೇಬಿಡುತ್ತಾರೆ. ತೊಡೆ ಎರಡು ಮೂರು ದಿನ ಹಿಂಡಿದಂತೆ ನೋಯುವುದು ಸಹಜ. ಕೀಲಿನೊಳಗೆ ಚುಚ್ಚಿದಂತೆ ನೋವು ಬಂದರೆ, ಊತ ಕಂಡರೆ ಆ ವ್ಯಾಯಾಮ ನಿಲ್ಲಿಸಿ ತೋರಿಸಿಕೊಳ್ಳಿ. ಸೋಮವಾರ, ಗುರುವಾರ ಅಂತ ದಿನ ಗೊತ್ತುಮಾಡಿಕೊಂಡು, ಎಷ್ಟು ಸಲ, ಎಷ್ಟು ಭಾರ ಅಂತ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ, ಹಾಲಿನ ಲೆಕ್ಕದ ಪಕ್ಕದಲ್ಲಿ.