ಕೊಂಬಿನ ಹಾಳೆಯಡಿಯ ಕಾಗುಣಿತ

ನ್ಯೂಯಾರ್ಕಿನಲ್ಲಿ ಎಲ್ಲರೂ ನೋಡುವುದನ್ನು ನಾನೂ ನೋಡಿದೆ. ಟೈಮ್ಸ್ ಸ್ಕ್ವೇರ್ ಬರೀ ಗದ್ದಲ, ಕಣ್ಣು ಕುಕ್ಕುವ ಬೆಳಕು. ಇನ್ನೊಮ್ಮೆ ಕರೆದರೂ ಹೋಗಲಾರೆ. ಬರೆಯಲೇಬೇಕು ಅನ್ನಿಸಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಬಟ್ಲರ್ ಲೈಬ್ರರಿಯಲ್ಲಿ ಕಂಡ ಒಂದು ಪುಟ್ಟ ಮರದ ಹಲಗೆಯ ಬಗ್ಗೆ.

ಪಠ್ಯಪುಸ್ತಕಗಳ ಪ್ರಕಾಶಕ ಜಾರ್ಜ್ ಪ್ಲಿಂಪ್ಟನ್ ಜೀವಮಾನವಿಡೀ ಕೂಡಿಟ್ಟ ಹಳೆಯ ಪಾಠದ ಸಾಮಗ್ರಿಯನ್ನೆಲ್ಲ 1936ರಲ್ಲಿ ಇಲ್ಲಿಗೆ ಕೊಟ್ಟ. ಗಣಿತದವರು ಹುಡುಕಿಕೊಂಡು ಬರುವುದು ಅದರಲ್ಲಿರುವ ಬ್ಯಾಬಿಲೋನಿನ ಮಣ್ಣಿನ ಫಲಕ 'ಪ್ಲಿಂಪ್ಟನ್ 322' ನೋಡಲು. ಒಂದನೇ ತರಗತಿಗೆ ಅಕ್ಷರ ಕಲಿಸಿಯೇ ನಿವೃತ್ತಳಾದ ನನಗೆ ಬೇಕಿದ್ದದ್ದು ಆ ಹಲಗೆ, ಹಾರ್ನ್‌ಬುಕ್: ಪ್ರಾಣಿಯ ಕೊಂಬಿನ ತೆಳು ಪದರ ಹೊದಿಸಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಹಲಗೆ.

ಹೋಗುವವರು ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ, ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಟೂರ್ ಬಸ್ಸಿನವನು ಶಾಪಿಂಗಿಗೆಂದು ನಡುದಾರಿಯಲ್ಲಿ ನಿಲ್ಲಿಸಿ ನಮ್ಮ ಶುಕ್ರವಾರವನ್ನೇ ನುಂಗಿಹಾಕಿದ. ಸೋಮವಾರದವರೆಗೆ ಕಾಯಬೇಕಾಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ.

ಹಿಡಿಕೆಯಿರುವ ಹಲಗೆ, ಅದರ ಮೇಲೆ ಒಂದೇ ಒಂದು ಹಾಳೆ. ಹಾಳೆಯನ್ನು ಮುಚ್ಚಿದ ಕೊಂಬಿನ ಪದರ ಹಳದಿಗಟ್ಟಿತ್ತು. ಅಂಚಿಗೆ ಹಿತ್ತಾಳೆಯ ಪಟ್ಟಿ, ಸಣ್ಣ ಮೊಳೆಗಳು. ಕೊಂಬನ್ನು ನೆನೆಸಿ, ಕಾಯಿಸಿ, ಚಪ್ಪಟೆಯಾಗಿ ಒತ್ತಿ, ಕೆಳಗಿನ ಅಕ್ಷರ ಕಾಣುವಷ್ಟು ತೆಳ್ಳಗೆ ಸೀಳುತ್ತಿದ್ದರಂತೆ. ಕಾಗದ ದುಬಾರಿ, ಮಕ್ಕಳ ಬೆರಳಿಗೆ ಸದಾ ಕೊಳೆ. ಇಂಗ್ಲೆಂಡಿನ ಮಕ್ಕಳು 18ನೇ ಶತಮಾನದವರೆಗೂ ಇದನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ್ದಾರೆ. ಮೇಲೆ ಶಿಲುಬೆ, ಆಮೇಲೆ ಎ, ಬಿ, ಸಿ. ಕೆಳಗೆ ಕ್ರೈಸ್ತರ ಪ್ರಾರ್ಥನೆ. ನಡುವಿನ ಸಾಲು ನೋಡಿ ನನ್ನ ಗಂಟಲು ಕಟ್ಟಿತು. ಬ, ಬೆ, ಬಿ, ಬೊ, ಬು. ನಾನು ವರ್ಷಗಟ್ಟಲೆ ಹಾಡಿಸಿದ ಕಾಗುಣಿತ!

ಜೊತೆಗಿದ್ದ ಅಣ್ಣನ ಮಗಳು ಅಲ್ಲೇ ಕಾನೂನು ಓದುತ್ತಾಳೆ. ಹೊರಗೆ ಮೆಟ್ಟಿಲ ಮೇಲೆ ಕೂತಾಗ ಅಂದಳು: "ಅತ್ತೆ, ನಮಗೂ ಹಾರ್ನ್‌ಬುಕ್ ಇದೆ. ಆದರೆ ದಪ್ಪ ಇಟ್ಟಿಗೆಯಂಥದ್ದು."

"ಅದರಲ್ಲೇನಿದೆ?"

"ಒಂದೊಂದು ವಿಷಯದ ಮೂಲ ನಿಯಮಗಳು, ಬಿಡಿಸಿ ಹೇಳಿರ್ತಾರೆ. ಕಾನೂನು ಪ್ರೊಫೆಸರ್ ಪ್ರಾಸರ್ ಅವರು ಟಾರ್ಟ್ಸ್, ಅಂದ್ರೆ ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರ ಕೇಳೋ ಕಾನೂನಿನ ಬಗ್ಗೆ 1941ರಲ್ಲಿ ಬರೆದದ್ದನ್ನ ಈಗಲೂ ಹೆಸರಿಸ್ತಾರೆ. ಯಾರೂ ತಕರಾರು ತೆಗೆಯದ ನಿಯಮಕ್ಕೆ ಕೋರ್ಟಿನಲ್ಲೂ 'ಹಾರ್ನ್‌ಬುಕ್ ಲಾ' ಅಂತಾರೆ."

"ಹಾಗಾದರೆ ಕ್ಲಾಸಿನಲ್ಲಿ ಅದನ್ನೇ ಪಾಠ ಮಾಡಬಹುದಲ್ಲ?"

"ಮಾಡಲ್ಲ. 1870ರಲ್ಲಿ ಹಾರ್ವರ್ಡಿಗೆ ಲ್ಯಾಂಗ್‌ಡೆಲ್ ಅನ್ನೋರು ಡೀನ್ ಆಗಿ ಬಂದ ಮೇಲೆ ಕೇಸುಗಳನ್ನೇ ಓದಿಸೋ ಪದ್ಧತಿ. ಮೇಷ್ಟ್ರು ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತಾರೆ, ನಿಯಮ ನಾವೇ ಹೆಕ್ಕಬೇಕು. ರಾತ್ರಿ ರೂಮಿಗೆ ಬಂದು ಹಾರ್ನ್‌ಬುಕ್ ತೆಗೀತೀವಿ."

ಆ ಮೇಷ್ಟ್ರ ಪರವಾಗಿ ನಾನೂ ಮಾತಾಡಬಲ್ಲೆ. ನಮ್ಮ ಶಾಲೆಗೆ ಆಟವಾಡಿಸುತ್ತಲೇ ಕಲಿಸುವ ನಲಿ-ಕಲಿ ಪದ್ಧತಿ ಬಂದಾಗ ಅಆಇಈ ಬಿಟ್ಟು ರ, ಗ, ಸ, ದ, ಅ ಎಂದು ಶುರುಮಾಡಿದೆವು. ಕಾಗುಣಿತಕ್ಕೆ ಕೈಹಾಕುವ ಮುಂಚೆಯೇ ಮಕ್ಕಳು 'ಗರಗಸ', 'ಅರಸ' ಎಂದು ತಾವೇ ಓದಿ ಕುಣಿದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಗೋಡೆಯ ಮೇಲಿನ ಕಾಗುಣಿತದ ಪಟ ತೆಗೆಯಲು ನಾನು ಒಪ್ಪಲಿಲ್ಲ. ತಡವರಿಸಿದ ಮಗು ತಿರುಗಿ ನೋಡುತ್ತಿದ್ದದ್ದು ಅತ್ತಲೇ. ಇದನ್ನೇ ಅವಳಿಗೂ ಹೇಳಿದೆ.

"ಅಂದ್ರೆ ಹಾರ್ನ್‌ಬುಕ್ಕನ್ನ ಕದ್ದು ಓದೋದು ಬೇಡ ಅಂತೀರಾ?"

"ಮೇಜಿನ ಮೇಲೇ ಇಟ್ಟುಕೊಂಡು ಓದು. ಮೇಷ್ಟ್ರು ಕೇಳಿದರೆ, ನಮ್ಮತ್ತೆ ಟೀಚರು, ಅವರೇ ಹೇಳಿದ್ದು ಅನ್ನು."