ಎರಡನೇ ಚರಣ

ನಮ್ಮ ಕಾಲೇಜಿನ ಹಿಂಬದಿಯಲ್ಲಿ, ಕೆಮಿಸ್ಟ್ರಿ ಲ್ಯಾಬಿನ ಪಕ್ಕ, ಏಳೆಂಟು ಕಲ್ಲಿನ ಮೆಟ್ಟಿಲುಗಳಿದ್ದವು. ಈಗಲೂ ಇವೆ, ಹೋದ ವರ್ಷ ನೋಡಿಕೊಂಡು ಬಂದೆ. 1989ರಿಂದ 1992ರವರೆಗೆ ಇಲ್ಲಿ ಬಿಎಸ್ಸಿ ಓದುವಾಗ ನಾವು ಐದು ಜನ ಆ ಮೆಟ್ಟಿಲುಗಳ ಮೇಲೆ ಕೂತು ಹಾಡುತ್ತಿದ್ದೆವು. ಸಿನಿಮಾ ಹಾಡಲ್ಲ. ಭಜನೆ.

ಐದೂ ಜನ ಒಂದೇ ಭಜನಾ ಮಂಡಳಿಗೆ ಸೇರಿದ್ದೆವು. ಅದರ ಹೆಸರು ಬರೆಯುವುದಿಲ್ಲ. ಚಾಮರಾಜಪೇಟೆಯ ಒಂದು ಮನೆಯ ಮಹಡಿಯಲ್ಲಿ ಗುರುವಾರ, ಭಾನುವಾರ ಸಂಜೆ ಸೇರುತ್ತಿದ್ದೆವು. ಒಬ್ಬ ಹಾರ್ಮೋನಿಯಂ, ಒಬ್ಬ ಡೋಲಕ್, ನಾನು ತಾಳ, ಇನ್ನಿಬ್ಬರು ಹುಡುಗಿಯರು ಹಾಡಲು. ಅಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ಅಕ್ಕ. ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವವಳನ್ನೂ ಅಕ್ಕ ಅನ್ನಬೇಕಿತ್ತು. ಕೊನೆಗೆ ಅವಲಕ್ಕಿ ಅಥವಾ ಸಜ್ಜಿಗೆ ಪ್ರಸಾದ. ಹದಿನೆಂಟು ವರ್ಷದ ನನಗೆ ಅಲ್ಲಿ ಸಿಕ್ಕ ಸಮಾಧಾನ ಬೇರೆಲ್ಲೂ ಸಿಕ್ಕಿರಲಿಲ್ಲ. ಇದನ್ನು ಮೊದಲೇ ಹೇಳಬೇಕು. ಶ್ರುತಿ ಹಿಡಿಯುವುದು, ತಾಳ ತಪ್ಪದಿರುವುದು, ನೂರಾರು ದೇವರನಾಮ ಬಾಯಿಗೆ ಬಂದದ್ದು, ಎಲ್ಲ ಅಲ್ಲಿಯದೇ.

ಆದರೆ ಸಿನಿಮಾ ಹಾಡು ಕೇಳಬಾರದು. ಭಾವಗೀತೆಯೂ ಬೇಡ. ಮನಸ್ಸು ಕೆಡುತ್ತೆ ಅಂತ ಹಿರಿಯರು ಹೇಳುತ್ತಿದ್ದರು.

ನಮ್ಮ ಮನೆ ಹನುಮಂತನಗರದಲ್ಲಿ. ಅಪ್ಪನಿಗೆ ರೇಡಿಯೋ ಇಲ್ಲದೆ ಬೆಳಗಾಗುತ್ತಿರಲಿಲ್ಲ. ಶೇವಿಂಗ್ ಮಾಡುವಾಗ ವಿವಿಧ ಭಾರತಿ, ಊಟದ ಹೊತ್ತಿಗೆ ವಿವಿಧ ಭಾರತಿ. ಪ್ರತಿ ಹಾಡಿಗೂ ನನಗೆ ಪ್ರಶ್ನೆ ಕೇಳುತ್ತಿದ್ದರು. ಯಾವ ಚಿತ್ರ? ಸಂಗೀತ ಯಾರದ್ದು? ಬರೆದವರು ಯಾರು? ನಾನು ಆರನೇ ಕ್ಲಾಸಿಗೆ ಬರುವಷ್ಟರಲ್ಲಿ ಹಾಡಿನ ಮೊದಲ ಪಿಟೀಲಿನ ತುಣುಕು ಕೇಳಿಯೇ ಇದು ರಾಜನ್-ನಾಗೇಂದ್ರ, ಇದು ಜಿ.ಕೆ. ವೆಂಕಟೇಶ್ ಅಂತ ಹೇಳುತ್ತಿದ್ದೆ. ಮಂಡಳಿಗೆ ಸೇರಿ ಆರು ತಿಂಗಳಿಗೆ, ಒಂದು ಬೆಳಿಗ್ಗೆ, ನಾನೇ ಅಪ್ಪನಿಗೆ ಹೇಳಿದೆ: "ಅದನ್ನ ಆರಿಸಿಬಿಡಿ ಅಪ್ಪ." ಅಪ್ಪ ಏನೂ ಅನ್ನಲಿಲ್ಲ. ಆರಿಸಿದರು. ಆಮೇಲೆ ನಾನು ಕಾಲೇಜಿಗೆ ಹೊರಟ ಮೇಲೆ ಹಾಕಿಕೊಳ್ಳುತ್ತಿದ್ದರಂತೆ. ಅಮ್ಮ ಹೇಳಿದ್ದು, ಬಹಳ ವರ್ಷದ ಮೇಲೆ.

ಅದೇ ವರ್ಷ ಕನ್ನಡ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಮೇಷ್ಟ್ರು ನನ್ನನ್ನು ಕರೆದು 'ಜೋಗದ ಸಿರಿ ಬೆಳಕಿನಲ್ಲಿ' ಹಾಡಮ್ಮ ಅಂದರು. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ರಾಗ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಅದನ್ನು ಹಾಡದ ಶಾಲೆ ಕಾಲೇಜು ಇರಲಿಲ್ಲ, ಅಲ್ವಾ? ನನಗೂ ಪೂರ್ತಿ ಬರುತ್ತಿತ್ತು. ಆಗಲ್ಲ ಸಾರ್ ಅಂದೆ. ಕಾರಣ ಹೇಳಲಿಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಹಾಡೋಕೆ ಬರೋರು ಹಾಡದೆ ಇದ್ರೆ ಗಂಟಲು ಕಟ್ಟುತ್ತೆ ಕಣಮ್ಮ" ಅಂದರು. ಆ ವರ್ಷ ಬೇರೆ ಯಾರೋ ಹಾಡಿದರು. ನಾನು ಸಭಾಂಗಣದ ಕೊನೆಯ ಸಾಲಿನಲ್ಲಿ ತುಟಿ ಬಿಗಿಹಿಡಿದು ಕೂತಿದ್ದೆ.

1992ರ ಜನವರಿಯಲ್ಲಿ 'ಜೀವನ ಚೈತ್ರ' ಬಂತು. ಕೆಲವು ವರ್ಷ ಬಿಟ್ಟು ಅಣ್ಣಾವ್ರು ಮತ್ತೆ ತೆರೆಗೆ ಬಂದಿದ್ದರು. ಇಡೀ ಕಾಲೇಜು ಕ್ಲಾಸಿಗೆ ಚಕ್ಕರ್ ಹೊಡೆದು ಕೆ.ಜಿ. ರಸ್ತೆಗೆ ಓಡಿತು. ನಾವು ಐದು ಜನ ಹೋಗಲಿಲ್ಲ. ಒಂದು ಸಂಜೆ ಮಂಡಳಿಗೆ ನಡೆದು ಹೋಗುವಾಗ ಒಂದು ಹೋಟೆಲಿನ ಟೇಪ್‌ರೆಕಾರ್ಡರಿನಲ್ಲಿ 'ನಾದಮಯ' ಬರುತ್ತಿತ್ತು. ಡೋಲಕ್ಕಿನವನು ನಿಂತುಬಿಟ್ಟ. ಚಪ್ಪಲಿಯ ಬಾರು ಸರಿ ಮಾಡಿಕೊಳ್ಳುವವನ ಹಾಗೆ ಬಗ್ಗಿದ. ಹಾಡು ಮುಗಿಯುವವರೆಗೆ ಬಾರು ಸರಿಯಾಗಲೇ ಇಲ್ಲ. ನಾವು ನಾಲ್ಕೂ ಜನ ಅವನಿಗಾಗಿ ಕಾದು ನಿಂತೆವು. ಯಾರೂ ಒಂದು ಮಾತೂ ಆಡಲಿಲ್ಲ. ಮುಂದೆ ಆ ಹಾಡಿಗೆ ಡಾ. ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಚಪ್ಪಲಿಯ ಬಾರು.

ನಾನು ಮಂಡಳಿ ಬಿಟ್ಟದ್ದು 1995ರಲ್ಲಿ. ತಂಗಿಯ ಮದುವೆಯ ಆರತಕ್ಷತೆಗೆ ಆರ್ಕೆಸ್ಟ್ರಾ ಇಟ್ಟಿದ್ದರು. ಅಂಥ ಕಡೆ ಹೋಗಬಾರದು ಅಂದರು. ಸ್ವಂತ ತಂಗಿ. ನಾನು ಹೋದೆ. ಮತ್ತೆ ಆ ಮಹಡಿ ಹತ್ತಲಿಲ್ಲ.

ಬಿಟ್ಟವರ ಜೊತೆ ಇರುವವರು ಮಾತಾಡುವಂತಿಲ್ಲ. ಅದು ಅಲ್ಲಿಯ ಕ್ರಮ. ಮರುವರ್ಷ ರಾಮನವಮಿ ಸಮಯದಲ್ಲಿ ಹಾರ್ಮೋನಿಯಂನವನು ಚಾಮರಾಜಪೇಟೆ ಬಸ್ ಸ್ಟಾಪಿನಲ್ಲಿ ಸಿಕ್ಕ. ನನ್ನನ್ನು ನೋಡಿ ಮುಖ ತಿರುಗಿಸಿದ. ಹತ್ತಿರದಲ್ಲೇ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ಕಚೇರಿ ನಡೆಯುತ್ತಿತ್ತು. 1939ರಿಂದ ನಡೆದುಕೊಂಡು ಬಂದ ಸಂಗೀತೋತ್ಸವ ಅದು. ನಾನು ಪೆಂಡಾಲಿನ ಹೊರಗೆ ರಸ್ತೆಯಲ್ಲೇ ನಿಂತು ಕೇಳಿದೆ. ಏನು ಹಾಡಿದರು ಅಂತ ಈಗ ನೆನಪಿಲ್ಲ. ಪಾನಕ ಕೊಟ್ಟರು, ಕುಡಿದೆ, ಅಳು ಬಂತು.

ಅದಾದ ಮೇಲೆ ಬಹಳ ದಿನ ನಾನು ದೇವರನಾಮ ಹಾಡಲಿಲ್ಲ. ಬಿಟ್ಟು ಬಂದವಳಿಗೆ ಅದು ಸಲ್ಲದು ಅನ್ನಿಸುತ್ತಿತ್ತು. ವಿದ್ಯಾಭೂಷಣರು ಪೀಠ ಬಿಟ್ಟು ಸಂಸಾರಿಯಾದರು ಅಂತ ಪೇಪರಿನಲ್ಲಿ ಬಂದಾಗ ಊರೆಲ್ಲ ಅದೇ ಮಾತು. ಅವರು ಹಾಡು ಬಿಡಲಿಲ್ಲ. ಅದೇ ದಾಸರ ಪದ, ಅದೇ ದನಿ. ಒಂದು ದಿನ ಅವರ ಕ್ಯಾಸೆಟ್ ಹಾಕಿಕೊಂಡು ಅಡುಗೆ ಮಾಡುತ್ತಿದ್ದೆ. ನನಗೆ ಗೊತ್ತಿಲ್ಲದ ಹಾಗೆ ನಾನೂ ಜೊತೆಗೆ ಹಾಡುತ್ತಿದ್ದೆ. ಅವರಿಗೆ ನಾನು ಎಷ್ಟು ಋಣಿ ಅಂತ ಅವರಿಗೆ ಗೊತ್ತಿಲ್ಲ.

ಮಿಕ್ಕ ನಾಲ್ವರಲ್ಲಿ ಮೂವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅದು ನನಗೆ ಗೊತ್ತಾದದ್ದೇ ತುಂಬ ತಡವಾಗಿ. ಬಿಟ್ಟವರಿಗೂ ಒಬ್ಬರನ್ನೊಬ್ಬರು ಹುಡುಕುವ ಧೈರ್ಯ ಇರಲಿಲ್ಲ. ಸಿಕ್ಕರೆ ಏನು ಮಾತಾಡುವುದು? ಯಾಕೆ ಬಿಟ್ಟೆ ಅಂತ ಕೇಳಬೇಕು. ಅದು ಎಲ್ಲರಿಗೂ ನೋವಿನ ಪ್ರಶ್ನೆ.

2020ರ ಸೆಪ್ಟೆಂಬರ್ 25. ಮಧ್ಯಾಹ್ನ ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡ ಸುದ್ದಿ ಬಂತು. ಕೊರೊನಾ ಕಾಲ, ಮನೆಯಲ್ಲಿ ನಾನೊಬ್ಬಳೇ ಟಿವಿ ನೋಡುತ್ತಾ ಕೂತಿದ್ದೆ. ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು. ಹಲೋ ಇಲ್ಲ, ಹೆಸರಿಲ್ಲ.

"ಬಾಲು ಕನ್ನಡದಲ್ಲಿ ಹಾಡಿದ ಮೊದಲ ಚಿತ್ರ ಯಾವ್ದು?"

ದನಿ ಗುರುತಾಯಿತು. ಹಾರ್ಮೋನಿಯಂ.

"ನಕ್ಕರೆ ಅದೇ ಸ್ವರ್ಗ."

"ವರ್ಷ?"

"1967. ಎಂ. ರಂಗರಾವ್ ಸಂಗೀತ. ಜೊತೆಗೆ ಹಾಡಿದ್ದು ಸುಶೀಲಾ."

ಆ ಕಡೆ ಮಾತೇ ಇಲ್ಲ. ಆಮೇಲೆ, "ಹೇಗಿದೀಯೇ?" ಅಂದ. ಅಕ್ಕ ಅನ್ನಲಿಲ್ಲ. ಮೂವತ್ತು ವರ್ಷದ ಪರಿಚಯದಲ್ಲಿ ಅದೇ ಮೊದಲ ಸಲ. ನಾನೂ "ಚೆನ್ನಾಗಿದೀನಿ ಕಣೋ" ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಫೋನು ಹಿಡಿದುಕೊಂಡು ಅತ್ತೆವು. ಯಾಕೆ ಬಿಟ್ಟೆ ಅಂತ ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೂರು ವಾರ ಕಳೆಯುವ ಮೊದಲೇ ಬೆಂಗಳೂರಿನಲ್ಲಿ ರಾಜನ್ ಅವರೂ ಹೋದರು. ಅಷ್ಟರಲ್ಲಿ ಹಾಡುತ್ತಿದ್ದ ಗೆಳತಿಯರಿಬ್ಬರೂ ಸಿಕ್ಕಿದ್ದರು. ನಾಲ್ಕೂ ಜನ ಒಟ್ಟಿಗೆ ಫೋನಿನಲ್ಲಿ ಸೇರಿದೆವು. ರಾಜನ್-ನಾಗೇಂದ್ರ ಹಾಡುಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುವಾಗ 1974ರ 'ಎರಡು ಕನಸು' ಬಂತು. 'ಎಂದೆಂದೂ ನಿನ್ನನು ಮರೆತು' ಅಂತ ನಾನು ಗುನುಗಿದೆ. ಪಿ.ಬಿ. ಶ್ರೀನಿವಾಸ್, ವಾಣಿ ಜಯರಾಂ ಹಾಡಿದ್ದು. ಎಲ್ಲರೂ ಒಮ್ಮೆಲೇ ಸುಮ್ಮನಾದರು.

ನಮ್ಮ ಮಂಡಳಿಯಲ್ಲಿ ಒಂದು ಭಜನೆ ಇತ್ತು. ಗುರುವಾರ ಮಂಗಳಾರತಿಗೆ ಮೊದಲು ಅದೇ ಹಾಡು, ಎಲ್ಲರ ಕಣ್ಣಲ್ಲೂ ನೀರು. ಅದರ ಮಟ್ಟು ಇದೇ. ಅಕ್ಷರ ಬೇರೆ, ಮಟ್ಟು ಇದೇ. ಮೊದಲ ದಿನ ಕಲಿಸಿದಾಗಲೇ ನನಗೆ ಗೊತ್ತಾಗಿತ್ತು, ಅಪ್ಪನ ರೇಡಿಯೋದಿಂದ. ಗೊತ್ತಾದದ್ದೇ ಪಾಪ ಅಂದುಕೊಂಡು ಬಾಯಿ ಬಿಡಲಿಲ್ಲ. ಕಣ್ಣು ಮುಚ್ಚಿ ಭಜನೆ ಮಾಡುವಾಗೆಲ್ಲ ಒಳಗೆ ವಾಣಿ ಜಯರಾಂ ಹಾಡುತ್ತಿದ್ದರು. ನನ್ನ ಭಕ್ತಿಯೇ ಕಲಬೆರಕೆ ಅಂತ ವರ್ಷಗಟ್ಟಲೆ ಒಳಗೊಳಗೇ ಬೆಂದಿದ್ದೆ.

"ನಂಗೂ ಗೊತ್ತಿತ್ತು" ಅಂದ ಹಾರ್ಮೋನಿಯಂ. "ನಂಗೂ" ಅಂದಳು ಒಬ್ಬಳು. ಇನ್ನೊಬ್ಬಳು ಅಳುತ್ತಿದ್ದಳು. ನಾಲ್ಕು ಜನಕ್ಕೂ ಗೊತ್ತಿತ್ತು. ನಾಲ್ಕು ಜನವೂ ತಾನೊಬ್ಬಳೇ, ತಾನೊಬ್ಬನೇ ಅಂದುಕೊಂಡು ಪಕ್ಕಪಕ್ಕ ಕೂತು ಹಾಡಿದ್ದೆವು.

ಈಗ ಮೂರು ತಿಂಗಳಿಗೊಮ್ಮೆ ಗಾಂಧಿ ಬಜಾರಿನಲ್ಲಿ ಸೇರುತ್ತೇವೆ. ವಿದ್ಯಾರ್ಥಿ ಭವನದಲ್ಲಿ ದೋಸೆ, ಆಮೇಲೆ ಬ್ಯೂಗಲ್ ರಾಕ್ ಪಾರ್ಕಿನ ಬೆಂಚು. ಅಲ್ಲಿ ಶುರುವಾಗುತ್ತೆ ಪ್ರಶ್ನೆ. ಮೊದಲು ದಾಸರ ಅಂಕಿತ. ರಂಗವಿಠಲ ಯಾರು? ಶ್ರೀಪಾದರಾಜರು. ಹಯವದನ? ವಾದಿರಾಜರು. 'ಕೃಷ್ಣಾ ನೀ ಬೇಗನೆ ಬಾರೋ' ಬರೆದವರು ಯಾರು ಅಂದರೆ ಪುರಂದರದಾಸರು ಅನ್ನುವವರೇ ಜಾಸ್ತಿ. ಅದು ವ್ಯಾಸರಾಯರದ್ದು. ಇದೆಲ್ಲ ಮಂಡಳಿ ಕೊಟ್ಟ ವಿದ್ಯೆ, ಅದಕ್ಕೆ ನಮಸ್ಕಾರ. ಅಲ್ಲಿಂದ ನೇರ ಸಿನಿಮಾಕ್ಕೆ. ಅಣ್ಣಾವ್ರು ಹಾಡಲು ಶುರು ಮಾಡಿದ್ದು 1974ರ 'ಸಂಪತ್ತಿಗೆ ಸವಾಲ್'ನಿಂದ ಅಂತ ಒಬ್ಬಳು ಹೇಳಿದರೆ ಹಾರ್ಮೋನಿಯಂನವನಿಗೆ ತಡೆಯಲಾಗುವುದಿಲ್ಲ. ಅದಕ್ಕೂ 15 ವರ್ಷ ಮೊದಲು 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿ ಜೊತೆ 'ತುಂಬಿತು ಮನವ' ಹಾಡಿಲ್ವಾ ಅಂತ ಎದ್ದು ನಿಂತೇ ವಾದ ಮಾಡುತ್ತಾನೆ. ಕನ್ನಡ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಗಾಯಕರನ್ನು ಹೇಳಿ ಅಂದರೆ 'ಹಂಸಗೀತೆ'ಗೆ ಬಾಲಮುರಳಿಕೃಷ್ಣ, 'ಕಾಡು ಕುದುರೆ'ಗೆ ಶಿವಮೊಗ್ಗ ಸುಬ್ಬಣ್ಣ, ಪಂಚಾಕ್ಷರ ಗವಾಯಿಗಳ ಚಿತ್ರಕ್ಕೆ ಎಸ್‌ಪಿಬಿ, ಹೀಗೆ ಬೆರಳು ಮಡಿಸುತ್ತಾ ಹೋಗುತ್ತೇವೆ. 'ನಾದಮಯ' ಬಂದಾಗ ಮಾತ್ರ ಬೆರಳು ನಿಲ್ಲುತ್ತೆ. ಡೋಲಕ್ಕಿನವನು ನೆನಪಾಗುತ್ತಾನೆ.

ಅವನು ಇನ್ನೂ ಅಲ್ಲೇ ಇದ್ದಾನೆ. ಅದು ಅವನಿಗೆ ಬೇಕಾದ ಜಾಗವೇ ಇರಬಹುದು, ಅದರಲ್ಲಿ ನಮಗೆ ತಕರಾರಿಲ್ಲ. ನಮ್ಮ ಐವರಲ್ಲಿ ಸಂಗೀತ ಜಾಸ್ತಿ ಇದ್ದದ್ದು ಅವನಲ್ಲೇ. ಫೈನಲ್ ಇಯರಿನಲ್ಲಿ, ಕಾಲೇಜಿನ ಆ ಹಿಂದಿನ ಮೆಟ್ಟಿಲುಗಳ ಮೇಲೆ ಕೂತು, ಮಂಡಳಿಯ ಒಬ್ಬ ಅಜ್ಜಿ ಬರೆದ ಒಂದು ಪದಕ್ಕೆ ಅವನೇ ಮಟ್ಟು ಹಾಕಿದ. ಲ್ಯಾಬಿನ ಕಿಟಕಿಯ ಕಟ್ಟೆಯೇ ಡೋಲಕ್. ಅದು ಯಾವ ಸಿನಿಮಾದಿಂದಲೂ ಬಂದದ್ದಲ್ಲ. ನಾಲ್ಕೂ ಜನ ಕೂತು ಎಷ್ಟು ಹುಡುಕಿದರೂ ಅದರ ಮೂಲ ಬೇರೆಲ್ಲೂ ಸಿಗಲಿಲ್ಲ. ಅದು ಅವನದೇ.

ಪಲ್ಲವಿ ನಮಗೆ ನೆನಪಿದೆ. ಮೊದಲ ಚರಣವೂ ಇದೆ. ಎರಡನೆಯದು ಯಾರಿಗೂ ಬರುತ್ತಿಲ್ಲ. ಅಜ್ಜಿ ಇಲ್ಲ, ಅದು ಎಲ್ಲೂ ಅಚ್ಚಾಗಿಲ್ಲ. ಬೆಂಚಿನ ಮೇಲೆ ಪ್ರತಿ ಸಲ ಮೊದಲ ಚರಣ ಮುಗಿಸಿ ಮತ್ತೆ ಪಲ್ಲವಿಗೆ ಬಂದು ನಿಲ್ಲುತ್ತೇವೆ.

ನೀನೂ ಇದೇ ಕಾಲೇಜಿನವನು. ಈ ಸಂಚಿಕೆ ನಿನ್ನ ಕೈಗೂ ಬರುತ್ತೆ. ನಮ್ಮ ಜೊತೆ ಮಾತಾಡಬೇಕಿಲ್ಲ ಕಣೋ, ಹೆಸರು ಕೂಡ ಬರೆಯಬೇಡ. ಆ ನಾಲ್ಕು ಸಾಲು ಒಂದು ಕಾರ್ಡಿನಲ್ಲಿ ಬರೆದು ಕಾಲೇಜಿನ ವಿಳಾಸಕ್ಕೆ ಹಾಕು. ಅವರು ನನಗೆ ತಲುಪಿಸುತ್ತಾರೆ.